ಹೊನ್ನರಗಿ ಕೊಳ್ಳದ ಬಳೆಗಲ್ಲು

ಹೊನ್ನರಗಿಯ ಕೊಳ್ಳಕ್ಕೆ ಇಳಿದವರಿಗೆ ಮೊದಲು ಕಾಣುವುದು ಬಲಗಡೆಯ ಕೆಂಪು ಬಂಡೆ. ಬುಡದಿಂದ ನೆಟ್ಟಗೆ ಎದ್ದು, ನಡುವೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದೆ. ಆ ಹೊಟ್ಟೆಯ ಮೇಲೆ ಒಂದು ಗವಿ. ಹೋದ ಚಳಿಗಾಲದಲ್ಲಿ ಪರವೂರಿನ ಹುಡುಗ ಹುಡುಗಿಯರು ಬಂದು, ಡ್ರಿಲ್ಲಿನಿಂದ ಕೊರೆದು, ಗವಿಯವರೆಗೆ ಹೊಳೆಯುವ ಉಕ್ಕಿನ ಬೋಲ್ಟು ಕೂರಿಸಿದರು. ಒಬ್ಬರು ಹಗ್ಗವನ್ನು ಬೋಲ್ಟಿನಿಂದ ಬೋಲ್ಟಿಗೆ ಸಿಕ್ಕಿಸುತ್ತ ಹತ್ತುತ್ತಾರೆ, ಇನ್ನೊಬ್ಬರು ಕೆಳಗೆ ನಿಂತು ಆ ಹಗ್ಗ ಹಿಡಿಯುತ್ತಾರೆ. ಇಲ್ಲಿ ಹಿಂದೆ ಯಾರೂ ಹತ್ತಿಲ್ಲ, ಇದು ಹೊಚ್ಚಹೊಸ ದಾರಿ ಎಂದು ಅವರು ಹಿಗ್ಗಿದಾಗ ಇದೇ ಊರಲ್ಲಿ ಹುಟ್ಟಿ ಬೆಳೆದ ನನಗೆ ನಗು ಬಂತು, ಸಿಟ್ಟೂ ಬಂತು. ಅವರ ಬೋಲ್ಟುಗಳ ಪಕ್ಕದಲ್ಲೇ ಹಳೆಯ ತೂತುಗಳ ಸಾಲಿದೆ. ಆಳೆತ್ತರದಲ್ಲಿರುವ ಒಂದು ತೂತಿನಲ್ಲಿ ತುಕ್ಕು ತಿಂದ ಕಬ್ಬಿಣದ ಗೂಟವೂ ಕೂತಿದೆ. ನೋಡುವ ಕಣ್ಣು ಬೇಕಷ್ಟೆ. ಬಂಡೆಗೆ ಬಳೆಗಲ್ಲು ಎಂಬ ಹೆಸರು ಬಂದದ್ದು ಆ ಗೂಟದ ಕಾಲದಲ್ಲಿ.

ಹಿಂದೆ ಒಮ್ಮೆ ಈ ಕೊಳ್ಳದ ಬಾಯಲ್ಲಿ ಕಲ್ಲೊಡೆಯುವವರ ಕೇರಿ ಇತ್ತು ಎನ್ನುತ್ತಾರೆ. ಜೇನಿನ ಕಾಲದಲ್ಲಿ ಅವರು ಸುತ್ತಿಗೆ ಬದಿಗಿಟ್ಟು, ಜೇನು ಕೀಳಲು ನೆತ್ತಿಯಿಂದ ಹಗ್ಗ ಕಟ್ಟಿಕೊಂಡು ಬಂಡೆಗೆ ಇಳಿಯುತ್ತಿದ್ದರು. ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು, ಬೇರೆಯವರು ಮುಟ್ಟಕೂಡದು ಎಂಬುದು ಕೇರಿಯ ಕಟ್ಟಳೆ. ಒಡಹುಟ್ಟಿದವಳ ತಾಳಿ ತನ್ನ ಕೈಯಲ್ಲಿದೆ ಎಂದು ತಿಳಿದವನು ಹಗ್ಗ ಬಿಡಲಾರ ಎಂಬ ನಂಬಿಕೆ. ಆ ವರ್ಷ ಮುದುಕ ಯಂಕಪ್ಪ ಮೇಲಿನಿಂದ ಗವಿಗೆ ಇಳಿದಾಗ ಹಗ್ಗ ಹಿಡಿದವನು ಅವನ ಹೆಂಡತಿಯ ತಮ್ಮ ದುರಗಪ್ಪ. ಅವನ ಕೈ ಸಡಿಲಾಗಲಿಲ್ಲ. ಬಂಡೆಯಂಚಿಗೆ ತಿಕ್ಕಿ ತಿಕ್ಕಿ ಹಗ್ಗವೇ ಹರಿಯಿತು. ಯಂಕಪ್ಪ ಅಷ್ಟರಲ್ಲಿ ಗವಿಯೊಳಗೆ ಕಾಲಿಟ್ಟಿದ್ದರಿಂದ ಬದುಕಿಕೊಂಡ. ಆದರೆ ಹರಿದ ಹಗ್ಗದ ಏಟಿಗೆ ನೆತ್ತಿಯಂಚಿನ ಹೆಜ್ಜೇನು ಎದ್ದು, ಬಂಡೆಯ ನೆತ್ತಿಯತ್ತ ಯಾರೂ ಸುಳಿಯದಂತಾಯಿತು. ಮರುದಿನಕ್ಕೆ ಹನಿ ನೀರಿಲ್ಲದೆ ಮುದುಕನ ಕೂಗು ಇಳಿಯತೊಡಗಿತು.

ಯಂಕಪ್ಪನ ಅಳಿಯ ಭರಮಣ್ಣ, ಕೆಳಗಿನಿಂದಲೇ ಹತ್ತುತ್ತೇನೆಂದು ಎದ್ದ. ಉಳಿಯಿಂದ ತೂತು ಹೊಡೆದು ಕೊಂಡಿಯಿರುವ ಗೂಟ ಬಡಿಯುವುದು, ಸೊಂಟದ ಹಗ್ಗವನ್ನು ಕೊಂಡಿಯಲ್ಲಿ ತೂರಿಸಿ ಇನ್ನೊಂದು ಗೂಟದಷ್ಟು ಮೇಲೇರುವುದು ಅವನ ಉಪಾಯ. ಹಗ್ಗ ಹಿಡಿಯುವವರು ಯಾರು? ಅವನ ಹೆಂಡತಿ ನೀಲವ್ವ ಯಂಕಪ್ಪನಿಗೆ ಒಬ್ಬಳೇ ಮಗಳು; ಅಣ್ಣನಿಲ್ಲ, ತಮ್ಮನಿಲ್ಲ. ಕೇರಿಯ ಗಂಡಸರು ನೆಲ ನೋಡುತ್ತ ನಿಂತರು. ಮೇಲೆ ಜೀವ ಒಣಗುತ್ತಿರುವಾಗ ಕಟ್ಟಳೆ ಹಿಡಿದು ಕೂತವರನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನೀಲವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. “ತಮ್ಮ ಹಗ್ಗ ಹಿಡಿಯೋದು ಅಕ್ಕನ ತಾಳಿ ಉಳೀಲಿ ಅಂತ ಹೌದಲ್ರಿ? ಆ ತಾಳಿ ನನ್ನ ಕೊಳ್ಳಾಗ ಐತಿ. ಹಗ್ಗ ನನ್ನ ಕೈಯಾಗ ಕೊಡ್ರಿ.” ದುರಗಪ್ಪ, “ಹಿಡಿ ನೀಲವ್ವಾ, ಆದ್ರ ಮೊದಲ ಬಳಿ ತಗಿ. ಕೈ ಕೊಯ್ತಾವು” ಎಂದ. ಅವಳು ಬೆಚ್ಚಿ, “ಗಂಡ ಕಲ್ಲು ಹತ್ತೋ ಹೊತ್ತಿನ್ಯಾಗ ಬರೇ ಕೈಲೆ ನಿಲ್ಲಲೇನು ಮಾವಾ?” ಎಂದಳು. ಅವಳು ಬಳೆ ತೆಗೆಯಲಿಲ್ಲ.

ಭರಮಣ್ಣ ಹತ್ತಿದ. ಬಂಡೆಯ ಹೊಟ್ಟೆಯ ಕೆಳಗೆ ಕಾಲಿಗೆ ಆಸರೆ ತಪ್ಪಿತು. ಹೊಸದಾಗಿ ಬಡಿದ ಗೂಟಕ್ಕೆ ಅವನು ಮೈಭಾರ ಬಿಟ್ಟದ್ದೇ ಅದು ಕಿತ್ತು ಬಂತು. ಭರಮಣ್ಣ ಬಿದ್ದ. ಅದರ ಕೆಳಗಿನ ಗೂಟ ತಡೆಯಿತು, ಹಗ್ಗ ಜಗ್ಗಿತು, ಹಗುರ ಮೈಯ ನೀಲವ್ವನನ್ನು ನೆಲದಿಂದೆತ್ತಿ ಬಂಡೆಗೆ ಅಪ್ಪಳಿಸಿತು. ಎರಡೂ ಕೈಯ ಬಳೆಗಳು ಪುಡಿಯಾದವು. ಬೀಳುವುದನ್ನು ನೋಡಲಾರದೆ ಕಣ್ಣು ಮುಚ್ಚಿದ್ದ ಹೆಂಗಸರು ಆ ಸದ್ದು ಕೇಳಿ, ಭರಮಣ್ಣ ಸತ್ತನೆಂದೇ ಎಣಿಸಿ, ಬಾಯಿ ಬಡಿದುಕೊಂಡು ಅತ್ತರು. ಬಂಡೆಯ ಹೊಟ್ಟೆ ಅಡ್ಡವಿದ್ದುದರಿಂದ ಗವಿಯ ಮುದುಕನಿಗೆ ಏನೂ ಕಾಣದು. ಕೇಳಿಸಿದ್ದು ಬಳೆಯೊಡೆದ ಸದ್ದು, ಆಮೇಲೆ ಆ ಅಳು. “ನನ್ನ ಸಲುವಾಗಿ ಮಗಳ ಬಾಳು ಹೋತಲ್ಲೋ! ನಾ ಇದ್ದು ಏನು ಮಾಡ್ಲಿ?” ಎನ್ನುತ್ತ ಅವನು ಗವಿಯ ಅಂಚಿಗೆ ಬಂದ. ಅವನ ಕಾಲಡಿಯ ಹರಳು ಉದುರಿ ಕೆಳಗೆ ಬಿದ್ದವು. ಕೆಳಗೆ ನೀಲವ್ವನ ಗಾಜು ನೆಟ್ಟ ಮುಂಗೈಯಿಂದ ರಕ್ತ ಇಳಿಯುತ್ತಿತ್ತು, ಹಗ್ಗ ಅಂಗೈಯಲ್ಲಿ ಜಾರುತ್ತಿತ್ತು, ಅವಳು ಅದನ್ನು ಇನ್ನೊಂದು ಸುತ್ತು ಕೈಗೆ ಸುತ್ತಿಕೊಂಡು, ಇದ್ದ ಉಸಿರೆಲ್ಲ ಕೂಡಿಸಿ ಕೂಗಿದಳು: “ಅಪ್ಪಾ! ಬರೇ ಬಳಿ ಒಡದಾವು! ಹಗ್ಗ ಬಿಗಿ ಐತಿ!”

ಮುದುಕ ಅಲ್ಲೇ ಕುಸಿದು ಕೂತ. ಮುಟ್ಟಕೂಡದ ಕಟ್ಟಳೆಯನ್ನು ಗಂಡಸರಲ್ಲಿ ಮೊದಲು ಮುರಿದವನು ದುರಗಪ್ಪ. ಓಡಿಬಂದು ಅಕ್ಕನ ಮಗಳ ನಡು ಹಿಡಿದು ನೆಲಕ್ಕೆಳೆದ. ಹಗ್ಗದಲ್ಲಿ ತೂಗುತ್ತಿದ್ದ ಭರಮಣ್ಣ ಮತ್ತೆ ಬಂಡೆ ಹಿಡಿದ, ಮತ್ತೆ ಗೂಟ ಬಡಿದ, ಗವಿ ಮುಟ್ಟಿದ. ಅದೇ ಹಗ್ಗದಲ್ಲಿ ಮೊದಲು ಮುದುಕ ಇಳಿದ, ಆಮೇಲೆ ಅಳಿಯ. ಭರಮಣ್ಣ ಹೆಂಡತಿಯ ಕೈಯ ಗಾಜು ಒಂದೊಂದೇ ತೆಗೆದು, ಗಾಯ ಮಾಗಿದ ಮೇಲೆ ತಾನೇ ಬಳೆ ತೊಡಿಸಿದನಂತೆ. ಅಂದಿನಿಂದ ಕೇರಿಯ ಕಟ್ಟಳೆ ಬದಲಾಯಿತು ಎನ್ನುತ್ತಾರೆ. ಹೆಂಡತಿಯೂ ಹಗ್ಗ ಹಿಡಿಯಬಹುದು; ಆದರೆ ಬಳೆಯನ್ನು ತಾನೇ ತೆಗೆದು ಕೆಳಗಿನ ಗೂಟಕ್ಕೆ ತೂಗುಹಾಕಬೇಕು. ಹತ್ತಿದವನು ಇಳಿದುಬಂದು ಅದನ್ನು ತೊಡಿಸಬೇಕು.

ಈ ಕಥೆಯನ್ನು ಆ ಹುಡುಗರಿಗೂ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಹಗ್ಗ ಹಿಡಿಯುವ ಹುಡುಗಿ ಮರುದಿನ ಸದ್ದಿಲ್ಲದೆ ಬಳೆ ಬಿಚ್ಚಿ ಆ ತುಕ್ಕುಗೂಟಕ್ಕೆ ಸಿಕ್ಕಿಸಿದಳು. ಈಗ ಬಂದವರೆಲ್ಲ ಹಾಗೆಯೇ ಮಾಡುತ್ತಾರೆ. ಬಳೆಯಿಲ್ಲದವರು ಕೈಗಡಿಯಾರ ತೂಗುಹಾಕುತ್ತಾರೆ. ಗೂಟದಲ್ಲಿ ಏನಾದರೂ ತೂಗುತ್ತಿದ್ದರೆ ಬಂಡೆಯ ಮೇಲೆ ಇನ್ನೂ ಯಾರೋ ಇದ್ದಾರೆ ಎಂದರ್ಥ. ಸಂಜೆ ಹೊಲದಿಂದ ಮನೆಗೆ ಹೊರಡುವ ಮುಂಚೆ ನಾನು ಆ ಕಡೆ ಹೋಗಿ, ಗೂಟ ಬರಿದಾಗಿದೆಯೇ ಎಂದು ನೋಡಿಕೊಂಡೇ ಹೋಗುತ್ತೇನೆ.