ಎರಡನೆಯ ಪಂಕ್ತಿ

ಹೊಳೆಯ ದಂಡೆಯಲ್ಲೊಂದು ಆಶ್ರಮ. ದಿನಕ್ಕೆ ಐನೂರು ಜನರ ಊಟ, ಸ್ನಾನ. ಆ ಬಚ್ಚಲ ನೀರೆಲ್ಲ ಒಂದು ತೊಟ್ಟಿಗೆ ಬಂದು, ಶುದ್ಧವಾಗಿ, ಕೆಳಗಿನ ಕೆರೆಗೆ ಇಳಿಯಬೇಕು. ತೊಟ್ಟಿಯ ಉಸ್ತುವಾರಿ ಶಿಷ್ಯ ಮರುಳಯ್ಯನದು.

ಒಂದು ಬೆಳಿಗ್ಗೆ ಕೆರೆಯಲ್ಲಿ ಮೀನು ಸಾಕುವ ದುರುಗವ್ವ ಗುರುಗಳ ಮುಂದೆ ಬುಟ್ಟಿ ಇಳಿಸಿದಳು. ಬುಟ್ಟಿಯ ತುಂಬ ಸತ್ತ ಮೀನು.

"ನಿಮ್ಮ ನೀರು ಕನ್ನಡಿ ಹಂಗೈತಿ, ಬುದ್ಧಿ. ನನ್ನ ಕೆರಿ ಮಾತ್ರ ಪಾಚಿ ಕಟ್ಟಿ ಹಸಿರು ಅಂಬಲಿ ಆಗೇತಿ. ಇನ್ನೊಂದು ತಿಂಗಳು ಹಿಂಗಾ ಆದ್ರ ಒಂದು ಮೀನೂ ಉಳಿಯಂಗಿಲ್ಲ."

ಮರುಳಯ್ಯ ನೊಂದುಕೊಂಡ. "ಗುರುಗಳೇ, ಗಾಳಿ ಊದುವ ಯಂತ್ರವನ್ನು ಹಗಲೂ ರಾತ್ರಿ ಓಡಿಸುತ್ತಿದ್ದೇನೆ. ಆಶ್ರಮದ ಅರ್ಧ ಕರೆಂಟು ಅದಕ್ಕೇ ಹೋಗುತ್ತಿದೆ. ಇನ್ನೊಂದು ಯಂತ್ರ ತರಿಸಲೇ?"

"ಪಾಠ ಒಪ್ಪಿಸು," ಎಂದರು ಗುರುಗಳು.

"ತೊಟ್ಟಿಯಲ್ಲಿ ಎರಡು ಬಗೆಯ ಜೀವಾಣುಗಳಿವೆ. ಗಾಳಿಯಿದ್ದಾಗ ಮೊದಲನೆಯವು ಹೊಲಸಿನ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಗಾಳಿ ತೀರಿದ ಮೇಲೆ ಎರಡನೆಯವು ಆ ನೈಟ್ರೇಟನ್ನು ಒಡೆದು, ಸಾರಜನಕವನ್ನು ಆಕಾಶಕ್ಕೆ ಬಿಡುತ್ತವೆ. ಒಡೆಯದೆ ಉಳಿದದ್ದು ಪಾಚಿಗೆ ಗೊಬ್ಬರ."

"ಚೆನ್ನಾಗಿ ಕಲಿತಿದ್ದೀಯ. ನಡಿ, ಊಟದ ಹೊತ್ತಾಯಿತು."

ಆ ದಿನ ಮೊದಲ ಪಂಕ್ತಿಗೆ ಗುರುಗಳೇ ಬಡಿಸಲು ನಿಂತರು. ಮರುಳಯ್ಯನದು ಎರಡನೆಯ ಪಂಕ್ತಿ. ತಟ್ಟೆ ಹಿಡಿದು ಬಾಗಿಲಲ್ಲಿ ಕಾದ.

ಒಳಗಿನವರ ಊಟ ಮುಗಿಯಿತು.

"ಏಳಬೇಡಿ, ಇನ್ನೊಂದು ಸೌಟು ಸಾರು," ಎಂದರು ಗುರುಗಳು. ಮತ್ತೆ ಅನ್ನ. ಮತ್ತೆ ಪಾಯಸ. ಗುರುಗಳೇ ಬಡಿಸುವಾಗ ಬೇಡವೆನ್ನುವುದು ಹೇಗೆ? ಅಡ್ಡ ಹಿಡಿದ ಕೈಗಳ ಮೇಲೂ ಪಾಯಸ ಬಿತ್ತು.

ಮರುಳಯ್ಯನ ಹೊಟ್ಟೆ ಚುರುಗುಟ್ಟಿತು. "ಗುರುಗಳೇ, ಅವರ ಹೊಟ್ಟೆ ಬಿರಿಯುತ್ತಿದೆ! ಅವರನ್ನು ಏಳಿಸಿದರೆ ತಾನೇ ನಾವು ಕೂರುವುದು?"

ಗುರುಗಳು ಸೌಟು ಹಿಡಿದೇ ತಿರುಗಿದರು. "ನಿನ್ನ ಯಂತ್ರ ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಮರುಳಯ್ಯ?"

ಮರುಳಯ್ಯ ತಟ್ಟೆಯನ್ನು ಅಲ್ಲೇ ಬಿಟ್ಟು ತೊಟ್ಟಿಯತ್ತ ಓಡಿದ.

ಅಂದಿನಿಂದ ಯಂತ್ರ ಒಂದು ತಾಸು ಓಡಿತು, ಒಂದು ತಾಸು ನಿಂತಿತು. ಅದರ ಕರೆಂಟು ಅರ್ಧಕ್ಕಿಳಿಯಿತು. ಕೆರೆಯ ಪಾಚಿ ಮೆಲ್ಲಮೆಲ್ಲಗೆ ಕರಗಿತು.

ದುರುಗವ್ವ ನಗುತ್ತ ಬಂದಳು. "ಮೀನು ಜಿಗಿಯಾಕ ಹತ್ಯಾವು, ಬುದ್ಧಿ! ಏನು ಮಂತ್ರ ಹಾಕಿದ್ರಿ?"

ಮರುಳಯ್ಯನಿಗೆ ಮಾತ್ರ ಇನ್ನೂ ಚಡಪಡಿಕೆ. "ಯಂತ್ರ ನಿಂತರೆ ನನಗೆ ಸೋಮಾರಿಯಾದ ಹಾಗಾಗುತ್ತದೆ, ಗುರುಗಳೇ. ಆ ಒಂದು ತಾಸು ಏನು ಮಾಡಲಿ?"

"ಆಗ ಬೇರೆಯವರು ಕೆಲಸದಲ್ಲಿರುತ್ತಾರೆ," ಎಂದರು ಗುರುಗಳು. "ಸದ್ದು ಮಾಡದೆ ಓಡಾಡು."