ಕಂಬಳಿ ಗಂಟಿನಲ್ಲಿ ಬಂದ ಹಲ್ಲಿನ ಡಾಕ್ಟರು

ಪೆದ್ದರು ಯಾವ ಊರಲ್ಲಿಲ್ಲ ಹೇಳಿ? ಆದರೆ ನಮ್ಮೂರ ಸೋಮ್ಯಾನ ಮುಂದೆ ಉಳಿದ ಊರಿನ ಪೆದ್ದರೆಲ್ಲ ಬರೀ ಪಂಡಿತರು. ಬೇಕಾದರೆ ಪಂದ್ಯ ಕಟ್ಟಿ, ಗೆದ್ದ ಕಪ್ಪು ನಮ್ಮೂರಿಗೇ. ಈ ರತ್ನವನ್ನು ಹೆತ್ತವಳು ಹಾಲವ್ವ. ಅವಳು ಹೇಳಿದ್ದನ್ನು ಮಗ ಒಂದು ದಿನವೂ ಮೀರಿದವನಲ್ಲ. ಅವಳ ಕಷ್ಟವೆಲ್ಲ ಅದೇ.

ಎಳ್ಳಮಾಸಿ ಹತ್ತಿರ ಬಂದಿತ್ತು. ಹೊಲದಲ್ಲಿ ಕೂತು ಖಡಕ್ ಸಜ್ಜಿ ರೊಟ್ಟಿಯನ್ನು ಕಟುಂ ಕಟುಂ ಅಂತ ಕಡಿಯದಿದ್ದರೆ ಹಾಲವ್ವನಿಗೆ ಅದು ಹಬ್ಬವೇ ಅಲ್ಲ. ಈ ಸಲ ನೋಡಿದರೆ ದವಡೆಹಲ್ಲು ಹುಳುಕಾಗಿ, ಗಲ್ಲ ಬುರುಬುರು ಊದಿ, ಗಂಜಿಯೊಂದೇ ಗತಿ. ಡಾಕ್ಟರ ಹತ್ತಿರ ಹೋಗು ಅಂದರೆ, "ಇಕ್ಕಳ ನೋಡಿದರ ನನ್ನ ಜೀವಾನ ಹೋಗತೈತಿ" ಅಂತ ತುಟಿ ಬಿಗಿದುಬಿಡುವಳು.

"ಸೋಮ್ಯಾ, ಹಲ್ಲು ತಿಕ್ಕಾಕ ಬೇವಿನ ಕಡ್ಡಿ ತಾರೋ. ಗಟ್ಟಿ ಇದ್ದರ ಕಡೀಲಿಕ್ಕೆ ಆಗಂಗಿಲ್ಲ. ತುದಿ ಮೆತ್ತಗಿರಬೇಕು."

ಸೋಮ್ಯಾ ಹೋದ. ಕಡ್ಡಿ ಮುರಿದ. ದಾರಿಯುದ್ದಕ್ಕೂ ಅಗಿದ. ಅವ್ವನ ಕೈಗಿಟ್ಟಾಗ ತುದಿ ಹತ್ತಿಯಂತೆ ಮೆತ್ತಗಿತ್ತು.

"ಯಾರೋ ಇದನ್ನ ಅಗದವರು?"

"ನಾನ ಯವ್ವಾ. ಮೆತ್ತಗಿರಬೇಕು ಅಂದಿದ್ದೆಲ್ಲ."

"ನಿನ್ನ ಬಾಯಾಗ ಮಣ್ಣು ಹಾಕ. ಎಂಜಲಾ ಮಾಡಿ ತರತಾರೇನೋ? ಬಾಯಿಗಿ ಹಾಕೋದು ಏನಿದ್ದರೂ ಸ್ವಚ್ಛ ತೊಳದು ತರಬೇಕು."

"ಹೂಂ ಯವ್ವಾ, ತೊಳದು ತರತೀನಿ."

ಮರುದಿನ ಉಪ್ಪುನೀರು ಮುಕ್ಕಳಿಸೋಣ ಅಂತ ಹರಳುಪ್ಪಿಗೆ ಕಳಿಸಿದಳು. ಸೋಮ್ಯಾ ಹೋದ. ಉಪ್ಪು ಕೊಂಡ. ಹಳ್ಳಕ್ಕಿಳಿದು ತೊಳೆದ. ಒಂದು ಸಲ ತೊಳೆದ, ಅರ್ಧ ಉಳಿಯಿತು. ಇನ್ನೊಂದು ಸಲ ತೊಳೆದ, ಕೈ ಉಳಿಯಿತು.

"ಉಪ್ಪೆಲ್ಲೋ?"

"ಏನು ಹೊಲಸಿತ್ತಂತೀ ಯವ್ವಾ. ಹೊಲಸು ಹೋದ ಮ್ಯಾಲ ಏನೂ ಉಳೀಲೇ ಇಲ್ಲ."

"ಅಯ್ಯ ನನ್ನ ಹಣೆಬರಹ. ಹೆಗಲ ಮ್ಯಾಲ ಕಂಬಳಿ ಇತ್ತಲ್ಲೋ? ಅದರಾಗ ಗಂಟು ಕಟ್ಟಿ, ಹೆಗಲಿಗೇರಿಸಿ, ದಾರ್‍ಯಾಗ ಎಲ್ಲೂ ಇಳಸದ ಸೀದಾ ತರಬೇಕು."

"ಹೂಂ ಯವ್ವಾ, ಎಲ್ಲೂ ಇಳಸಂಗಿಲ್ಲ."

ಮೂರನೆಯ ದಿನ ನೋವು ಕಿವಿಗೂ ಏರಿತು. ಹಾಲವ್ವ ಹೆದರಿಕೆ ನುಂಗಿಕೊಂಡು, "ಹೋಗೋ, ಆ ಹಲ್ಲಿನ ಡಾಕ್ಟರನ್ನರ ತಾ" ಅಂದಳು.

ಡಾಕ್ಟರ್ ವಾದಿರಾಜರು ಕೈಯಲ್ಲಿ ಚೀಲ ಹಿಡಿದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದರು.

"ಹಲ್ಲಿನ ಡಾಕ್ಟರು ನೀವೇನ್ರೀ?"

"ಹೌದಪಾ, ಯಾಕ?"

ಯಾಕ ಅನ್ನುವಷ್ಟರಲ್ಲಿ ಕಂಬಳಿಗೆ ಗಂಟು ಬಿದ್ದಿತ್ತು. ಡಾಕ್ಟರು ಕಡ್ಡಿಯಂಥ ಆಳು, ಸೋಮ್ಯಾ ಕೋಣದಂಥವನು. ಎಲ್ಲೂ ಇಳಿಸದೆ ಸೀದಾ ತಂದು ಅವ್ವನ ಮುಂದೆ ಗಂಟು ಬಿಚ್ಚಿದ. ಡಾಕ್ಟರು ಕನ್ನಡಕ ನೆಟ್ಟಗೆ ಮಾಡಿಕೊಂಡು, ಮೈಮೇಲಿನ ಉಣ್ಣೆ ಕೊಡವಿ, "ಬಾಯಿ ತಗೀರಿ ಅವ್ವಾರ" ಅಂದರು.

ಹಾಲವ್ವ ತೆಗೆಯಲಿಲ್ಲ. ಚೀಲದೊಳಗಿನ ಇಕ್ಕಳ ಕಂಡಿದ್ದಳು. ಡಾಕ್ಟರು ಬೇಡಿಕೊಂಡರು, ತುಟಿ ಬಿಚ್ಚಲಿಲ್ಲ.

ಆಗ ಸೋಮ್ಯಾ ಅಂದ, "ಯವ್ವಾ, ಸಿಟ್ಟಾಗಬ್ಯಾಡ. ಇವರನ್ನ ತೊಳದು ತಂದಿಲ್ಲ. ಹಳ್ಳದಾಗ ತೊಳದರ ಏನೂ ಉಳೀತಿರಲಿಲ್ಲ."

ಹಾಲವ್ವನಿಗೆ ತಡೆಯಲಾಗಲಿಲ್ಲ. ಘೊಳ್ಳೆಂದು ನಕ್ಕಳು. ಬಾಯಿ ಹಾ ಅಂತ ತೆರೆಯಿತು. "ಸಿಕ್ತು" ಅಂದರು ಡಾಕ್ಟರು. ಸೂಜಿ ಚುಚ್ಚಿದ್ದಷ್ಟೇ ಅವಳಿಗೆ ಗೊತ್ತು. ಹುಳುಕು ಹಲ್ಲು ಬಟ್ಟಲಲ್ಲಿ ಠಣ್ ಅಂದಾಗ ಅವಳ ನಗು ಇನ್ನೂ ಮುಗಿದಿರಲಿಲ್ಲ.

"ಮೊದಲ ತೋರಿಸಿದ್ದರ ತೂತು ತುಂಬಿ ಹಲ್ಲು ಉಳಸತಿದ್ದೆ" ಅಂದರು ಡಾಕ್ಟರು. "ಆ ಗೂಡಿನಾಗಿನ ಮಶೇರಿ ಡಬ್ಬಿ ತಿಪ್ಪಿಗಿ ಒಗೀರಿ. ಸುಟ್ಟ ತಂಬಾಕಲೇ ಹಲ್ಲು ತಿಕ್ಕಿದರ ಒಸಡು ಉಳೀತಾವೇನು? ಸಿಹಿ ತಿಂದ ಮ್ಯಾಲ ಬಾಯಿ ಮುಕ್ಕಳಸ್ರಿ. ಮನ್ಯಾಗ ಹಲ್ಲಿದ್ದವರೆಲ್ಲ ಮುಂಜಾನೆ ಒಮ್ಮೆ, ಮಲಗೂಮುಂದ ಒಮ್ಮೆ ಬ್ರಶ್ಶಿನಿಂದ ಮೆತ್ತಗ ತಿಕ್ಕಬೇಕು. ಏನರ ಕೆಟ್ಟದ್ದು ಕಂಡರ ನೋವಾಗೂತನಕ ಕಾಯಬ್ಯಾಡ್ರಿ. ಕೂಡಲೇ ನನಗ ತೋರಸ್ರಿ."

ಹಾಲವ್ವ ತಲೆಯಾಡಿಸಿದಳು. ಸೋಮ್ಯಾನೂ ತಲೆಯಾಡಿಸಿದ. ಎಡವಟ್ಟು ಅಲ್ಲೇ ಇರುವುದು ನೋಡಿ.

ಗಾಯ ಮಾಯಿತು. ಎಳ್ಳಮಾಸಿಯೂ ಬಂತು. ಹೊಲದಲ್ಲಿ ಹಾಲವ್ವ ರೊಟ್ಟಿ ಬಾಯಿಗಿಟ್ಟಳು. ಕಟುಂ! ಅವಳ ಕಣ್ಣಲ್ಲಿ ನೀರೇ ಬಂತು, ಸಂತೋಷಕ್ಕೆ. ಆ ಹೊತ್ತಿಗೆ ಸೋಮ್ಯಾ ಬದುವಿನಲ್ಲಿ ಮನೆಯ ಎಮ್ಮೆಯ ಹಲ್ಲು ತಿಕ್ಕುತ್ತಿದ್ದ. ಮನೆಯಲ್ಲಿ ಹಲ್ಲಿದ್ದವರೆಲ್ಲ ಅಂತ ಡಾಕ್ಟರು ಅಂದಿದ್ದರಲ್ಲ! ಕೆಳಗಿನ ಸಾಲು ತಿಕ್ಕಿದ. ಮೇಲಿನ ತುಟಿ ಎತ್ತಿ ನೋಡಿದ. ಮುಂದೆ ಒಂದು ಹಲ್ಲೂ ಇಲ್ಲ.

ಕೂಡಲೇ ತೋರಿಸಬೇಕು. ಕಂಬಳಿ ಹೆಗಲಿಗೆ ಹಾಕಿ ಓಡಿದ. ಡಾಕ್ಟರು ಮತ್ತೆ ಅದೇ ಬಸ್ಸಿನ ಮೆಟ್ಟಿಲ ಮೇಲೆ. ಕಂಬಳಿ ಕಂಡದ್ದೇ, "ಬ್ಯಾಡೋ, ನಡಕೊಂಡು ಬರತೀನೋ" ಅಂದರು. ಯಾರು ಕೇಳಬೇಕು?

ಎಮ್ಮೆಯ ಮುಂದೆ ಗಂಟು ಬಿಚ್ಚಿತು. ಬಾಯಿತುಂಬ ನೊರೆ ಮಾಡಿಕೊಂಡು ಎಮ್ಮೆ ಡಾಕ್ಟರನ್ನು ನೋಡಿತು, ಡಾಕ್ಟರು ಎಮ್ಮೆಯನ್ನು ನೋಡಿದರು.

"ಎಮ್ಮಿಗೆ ಮ್ಯಾಲ ಮುಂದಿನ ಹಲ್ಲು ಹುಟ್ಟಾ ಇರೂದಿಲ್ಲಪಾ."

ಹಾಲವ್ವ ಓಡಿ ಬಂದಳು. "ದೇವರಂಥಾ ಮನಷ್ಯಾನ್ನ ಮತ್ತ ಹೊತ್ತು ತಂದ್ಯೇನೋ ಹುಚ್ಚಪ್ಪಾ? ಎಲ್ಲಿಂದ ತಂದೀಯೋ ಅಲ್ಲೇ ಬಿಟ್ಟು ಬಾ." ಡಾಕ್ಟರ ಕೈಗೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು.

ಸೋಮ್ಯಾ ಡಾಕ್ಟರನ್ನು ಮತ್ತೆ ಗಂಟು ಕಟ್ಟಿ ಹೊತ್ತು ರಸ್ತೆಗೆ ಬಂದರೆ ಬಸ್ಸು ಹೋಗಿತ್ತು.

"ಇಳಸೋ ಸೋಮ್ಯಾ" ಅಂತು ಗಂಟು.

"ಬಸ್ಸಿನ ಮೆಟ್ಟಲ ಮ್ಯಾಲಿಂದ ತಂದೀನ್ರೀ, ಅಲ್ಲೇ ಬಿಡತೀನಿ. ದಾರ್‍ಯಾಗ ಇಳಸಬಾರದು ಅಂತ ಅವ್ವ ಹೇಳ್ಯಾಳ."

ನಿಂತ. ಹೊತ್ತುಕೊಂಡೇ ನಿಂತ. ಒಳಗೆ ಕಟುಂ ಕಟುಂ ಶುರುವಾಯಿತು. ಆಮೇಲೆ ಅದೂ ನಿಂತು ಡಾಕ್ಟರ ತಲೆ ಹೊರಗೆ ಬಂತು.

"ಸೋಮ್ಯಾ, ಹೋಳಿಗಿ ತಿಂದೆ. ಬಾಯಿ ಮುಕ್ಕಳಸಬೇಕಲ್ಲೋ. ಒಂಚೂರು ನೀರು ತಾ."

ಸೋಮ್ಯಾ ಹಳ್ಳಕ್ಕೆ ನಡೆದ, ನೀರು ತರಲು. ಡಾಕ್ಟರನ್ನು ಹೊತ್ತುಕೊಂಡೇ ನಡೆದ. ಬೆನ್ನ ಹಿಂದೆ ಬಸ್ಸು ಬಂತು, ನಿಂತಿತು, ಹೋಯಿತು.