ಇಲ್ಲ ಎನ್ನಲು ಕಲಿತ ಕಂಪ್ಯೂಟರ್

ಫೋನಿನ ತಂತಿಯಲ್ಲೇ ಇಂಟರ್ನೆಟ್ ಬರುತ್ತಿದ್ದ ಕಾಲ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನಾಲ್ಕು ಕಂಪ್ಯೂಟರು, ಒಂದೇ ಫೋನು. ಯಾರೂ ಇಂಟರ್ನೆಟ್ ಮುಟ್ಟದಿದ್ದರೂ ಮೋಡೆಮ್ ಕಿರುಗುಟ್ಟಿ ತಾನೇ ಡಯಲ್ ಮಾಡುತ್ತಿತ್ತು. ಫೋನು ಸದಾ ಎಂಗೇಜ್.

"ರೀ ಸುಲೋಚನಾ, ಫೋನ್ ಸಿಗ್ತಿಲ್ಲ ಅಂತ ಹೆಡ್ಡಾಫೀಸಿನವರು ನನಗೆ ಉಗಿದರು. ಕದ್ದು ಇಂಟರ್ನೆಟ್ ನೋಡೋರನ್ನ ಸಂಜೆಯೊಳಗೆ ಹಿಡಿದು ಕೊಡಿ. ಇಲ್ಲಾಂದ್ರೆ ನಾಳೆಯಿಂದ ನೀವು ಬರಬೇಡಿ!" ಎಂದು ಮ್ಯಾನೇಜರ್ ಹಾಲಸ್ವಾಮಿ ಗುಮಾಸ್ತೆಯ ಮೇಲೆ ಹಾರಾಡಿದರು.

ಸುಲೋಚನಾ ಕೂತು ಹುಡುಕಿದಳು. ಜ್ಯೋತಿಷಿಯ ಮಾತು ಕೇಳಿ ಸಾಹೇಬರು ತಮ್ಮ ಕಂಪ್ಯೂಟರಿನ ಹೆಸರು ಬದಲಿಸಿದ್ದರು. ಅದರಲ್ಲಿದ್ದ ಲೆಕ್ಕಪತ್ರಕ್ಕಾಗಿ ಉಳಿದ ಕಂಪ್ಯೂಟರುಗಳು ಹಳೆಯ ಹೆಸರನ್ನೇ ಕೂಗುತ್ತಿದ್ದವು. ಆಫೀಸಿನಲ್ಲಿ ಯಾರೂ ಓಗೊಡದಿದ್ದಾಗ, ಹೊರಗೆ ಇಂಟರ್ನೆಟ್ಟಿನಲ್ಲಿ ವಿಚಾರಿಸಲು ಮೋಡೆಮ್ ಡಯಲ್ ಮಾಡುತ್ತಿತ್ತು.

ಹೆಸರು ಮತ್ತೆ ಬದಲಿಸಿ ಎಂದರೆ ಸಾಹೇಬರು ಕೇಳುವ ಪೈಕಿ ಅಲ್ಲ. ಅವಳು ಮೋಡೆಮ್ ಇದ್ದ ಕಂಪ್ಯೂಟರಿಗೆ ಒಂದು ಪಾಠ ಕಲಿಸಿದಳು. ಕಿರುಗುಟ್ಟುವುದು ನಿಂತಿತು.

"ಕಳ್ಳ ಯಾರು?" ಎಂದರು ಸಾಹೇಬರು.

"ಕಳ್ಳರಿಲ್ಲ ಸರ್. ಉಳಿದ ಕಂಪ್ಯೂಟರುಗಳು ನಿಮ್ಮ ಕಂಪ್ಯೂಟರನ್ನ ಹಳೇ ಹೆಸರಲ್ಲಿ ಹುಡುಕ್ತಿದ್ದವು. ಯಾರಾದರೂ ಆ ಹೆಸರು ಕೇಳಿದರೆ, 'ಇಲ್ಲ' ಅಂತ ಇಲ್ಲೇ ಹೇಳಿ ಕಳಿಸು, ಫೋನ್ ಮುಟ್ಟಬೇಡ ಅಂತ ಮೋಡೆಮ್ ಇರೋ ಕಂಪ್ಯೂಟರಿಗೆ ಅಂದೆ."

"ಭಲೇ! ಈ ಉಪಾಯ ಯಾರು ಕಲಿಸಿದ್ರು?"

"ನೀವೇ ಸರ್. ಬೀಜ ಮೊಳೆಯಲಿಲ್ಲ ಅಂತ ರೈತರು ಬಂದಾಗ, ಸಾಹೇಬರು ಇಲ್ಲ ಅಂತ ಬಾಗಿಲಲ್ಲೇ ನನ್ನಿಂದ ಹೇಳಿಸ್ತೀರಲ್ಲ."

ಅಷ್ಟರಲ್ಲಿ, ಬಿಡುವಾಗಿದ್ದ ಫೋನು ಬಡಿದುಕೊಂಡಿತು. ಸುಲೋಚನಾ ಎತ್ತಿದಳು. ಮೊಳೆಯದ ಬೀಜದ ರೈತ. ಸಾಹೇಬರು ಗಾಬರಿಯಾಗಿ, "ಇಲ್ಲ ಅನ್ನಿ, ಇಲ್ಲ ಅನ್ನಿ" ಎಂದು ಪಿಸುಗುಟ್ಟಿದರು.

"ಆ ಕೆಲಸ ಈಗ ಕಂಪ್ಯೂಟರಿಗೆ ವಹಿಸಿದೀನಿ ಸರ್" ಎಂದು ಸುಲೋಚನಾ ರಿಸೀವರನ್ನು ಅವರ ಕೈಗಿಟ್ಟಳು.